ಮಾಡು ತೊಳೆದ ಮೇಲೆ

ನಮ್ಮ ಸೊಸೈಟಿಯ ಮೇಲ್ಮಾಳಿಗೆಯ ಕಾಕೂ ಅವರ ಮಲಗುವ ಕೋಣೆ ಸೋರತೊಡಗಿ ಮೂರು ಮಳೆಗಾಲ ಕಳೆದವು. ಮಂಚವನ್ನು ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ಸರಿಸುತ್ತ ಸರಿಸುತ್ತ ಅವರೀಗ ಬಾಗಿಲಿಗೆ ಅಡ್ಡ ತಂದು ಇಟ್ಟಿದ್ದಾರೆ. ಮುಂಬಯಿಯ ಬೊರಿವಲಿ ಪೂರ್ವದ ಈ ನಾಲ್ಕು ಮಾಳಿಗೆಯ ಕಟ್ಟಡಕ್ಕೆ ವಯಸ್ಸು ನಲವತ್ತು ದಾಟಿತು. ಅಂತೂ ಏಪ್ರಿಲಿನ ಒಂದು ಭಾನುವಾರ ಮೀಟಿಂಗ್ ಕರೆದರು. ಟೆರೇಸಿಗೆ ಹೊಸದಾಗಿ ಇಟ್ಟಿಗೆ ಚೂರಿನ ಕೋಬಾ ಹಾಕಿಸುವುದೋ, ಡಾಂಬರು ಶೀಟ್ ಅಂಟಿಸುವುದೋ, ಬಿಳಿಯ ಕೆಮಿಕಲ್ ಬಳಿಸುವುದೋ, ಇಲ್ಲ ಕಂಬ ನೆಟ್ಟು ಪತ್ರಾ, ಅಂದರೆ ತಗಡು, ಹೊದಿಸುವುದೋ. ಖರ್ಚು, ಗ್ಯಾರಂಟಿ, ಪರವಾನಗಿ, ಯಾರ ಪಾಲು ಎಷ್ಟು ಎಂದು ಎರಡು ಗಂಟೆ ಮಾತಾಯಿತು. ಚಹಾ ಬಂದು ಹೋಯಿತು. ಕೊನೆಯಲ್ಲಿ ನಾನು, ಕೇಳಲೋ ಬೇಡವೋ ಎನ್ನುತ್ತಲೇ ಕೇಳಿದೆ: "ಗಿಡಗಳಿಗೆ ಇವುಗಳಲ್ಲಿ ಯಾವುದು ಒಳ್ಳೆಯದು?"

ಟೆರೇಸಿನ ಮೂವತ್ತು ಕುಂಡ ಮತ್ತು ಎರಡು ನೀಲಿ ಡ್ರಮ್ಮುಗಳ ಯಜಮಾನ ನಾನೇ ಎಂಬುದು ಎಲ್ಲರಿಗೂ ಗೊತ್ತು. ಬಸಳೆ, ಅಲಸಂಡೆ, ಒಂದೆಲಗ, ಪತ್ರೊಡೆಗೆಂದು ನಾಲ್ಕು ಕೆಸು, ಒಂದು ಮಲ್ಲಿಗೆ. ಸೆಕ್ರೆಟರಿ ನಗುತ್ತ ಹೇಳಿದರು: "ಅರೆ, ಮಳೆ ಅಂದರೆ ಮಳೆ. ಪತ್ರಾದ ಮೇಲೆ ಬಿದ್ದರೇನು, ಲಾದಿಯ ಮೇಲೆ ಬಿದ್ದರೇನು? ಮೇಲಿಂದ ಬರುವ ನೀರು ಒಂದೇ ತಾನೆ!"

ಎಲ್ಲರೂ ನಕ್ಕರು, ನಾನೂ ನಕ್ಕೆ. ಆ ಮಾತು ಮಾತ್ರ ಅಂದಿನಿಂದ ತಲೆಯಲ್ಲಿ ತೊಟ್ಟಿಕ್ಕುತ್ತಲೇ ಇದೆ.

ಪುತ್ತೂರಿನ ಕಡೆಯ ನಮ್ಮ ಮನೆಗೆ ಹಂಚಿನ ಮಾಡು. ಛಾವಣಿಗೆ ನಮ್ಮಲ್ಲಿ ಮಾಡು ಎನ್ನುವುದು ರೂಢಿ. ಸೂರಿನ ಉದ್ದಕ್ಕೂ ಅಡಿಕೆ ಮರದ ದಂಬೆ ಕಟ್ಟಿ, ಅದರ ತುದಿಗೆ ತಾಮ್ರದ ಹಂಡೆ ಇಡುವುದು ಮಕ್ಕಳಾದ ನಮ್ಮ ಕೆಲಸ. ಮೊದಲ ಮಳೆಯ ಸದ್ದು ಕೇಳಿದ್ದೇ ನಾವು ಹಂಡೆ ಹೊತ್ತು ಅಂಗಳಕ್ಕೆ ಹಾರುತ್ತಿದ್ದೆವು. ಒಳಗಿನಿಂದ ಅಮ್ಮನ ಕೂಗು ಬರುತ್ತಿತ್ತು: "ಈಗಲೇ ಇಡಬೇಡಿ ಮಕ್ಕಳೇ, ಮಾಡು ತೊಳೆದು ಹೋಗಲಿ." ಒಂದು ಮಳೆ ಹೋಗಬೇಕು, ಎರಡನೆಯದೂ ಹೋಗಬೇಕು, ದಂಬೆಯಿಂದ ಬೀಳುವ ನೀರಿನ ಬಣ್ಣವನ್ನು ಅಂಗೈಯಲ್ಲಿ ಹಿಡಿದು ನೋಡಿ, ಮೂರನೆಯದಕ್ಕೆ ಅಪ್ಪಣೆ. ಇಷ್ಟು ಒಳ್ಳೆಯ ನೀರನ್ನು ಚರಂಡಿಗೆ ಬಿಡುವ ಅಮ್ಮನ ಮೇಲೆ ಆಗ ಸಿಟ್ಟು ಬರುತ್ತಿತ್ತು. ಬಹಳ ವರ್ಷಗಳ ಮೇಲೆ, ಮಳೆಕೊಯ್ಲಿನ ಪುಸ್ತಕಗಳಲ್ಲಿ ಅದೇ ಮಾತನ್ನು ಅಂಕಿಯಲ್ಲಿ ಓದಿದೆ. ಮೊದಲ ಒಂದೆರಡು ಮಿಲಿಮೀಟರ್ ಮಳೆಯನ್ನು ಹೊರಕ್ಕೆ ಬಿಡಿ ಎನ್ನುತ್ತಾರೆ ಅವರು. ನೂರು ಚದರ ಮೀಟರ್ ಛಾವಣಿಗೆ ನೂರರಿಂದ ಇನ್ನೂರು ಲೀಟರ್ ಆಯಿತು. ಅಮ್ಮನ ಅಂಗೈಯ ಲೆಕ್ಕ ಇದಕ್ಕಿಂತ ಧಾರಾಳವಾಗಿತ್ತು, ಅಷ್ಟೆ.

ಮುಂಬಯಿಯಲ್ಲಿ ಈ ತೊಳೆಯುವ ಕೆಲಸಕ್ಕೆ ಬೇರೆಯೇ ಗಾತ್ರ. ಇಲ್ಲಿ ವರ್ಷಕ್ಕೆ ಎರಡು ಸಾವಿರ ಮಿಲಿಮೀಟರಿಗೂ ಮೇಲೆ ಮಳೆ; ಹೆಚ್ಚುಕಡಿಮೆ ಅಷ್ಟೂ ಜೂನಿನಿಂದ ಸೆಪ್ಟೆಂಬರಿನೊಳಗೆ. ಉಳಿದ ಎಂಟು ತಿಂಗಳು ಛಾವಣಿ ಸುಮ್ಮನೆ ಮಲಗಿ ಊರನ್ನು ಹೊದ್ದುಕೊಳ್ಳುತ್ತದೆ. ಕಟ್ಟಡ ಕೆಡವಿದ ಸಿಮೆಂಟಿನ ಹುಡಿ, ಹೈವೇಯ ಟೈರು ಸವೆದ ಕಪ್ಪು, ದೀಪಾವಳಿಯ ಮದ್ದು, ಸಮುದ್ರದ ಗಾಳಿ ತಂದ ಉಪ್ಪು, ಇವೆಲ್ಲಕ್ಕಿಂತ ಮೇಲೆ ಪಾರಿವಾಳ. ಈ ಊರಿನ ಛಾವಣಿಗಳ ನಿಜವಾದ ಮಾಲಕರು ಪಾರಿವಾಳಗಳೇ; ಮೇಂಟೆನೆನ್ಸ್ ಬಿಲ್ಲು ಮಾತ್ರ ನಮ್ಮ ಹೆಸರಿಗೆ ಬರುತ್ತದೆ. ಜೂನಿನ ಮೊದಲ ಮಳೆ ಎಂಟು ತಿಂಗಳ ಈ ಖಾತೆಯನ್ನು ಒಂದೇ ಸಲಕ್ಕೆ ಓದಿ, ಪೈಪಿನ ಬಾಯಿಂದ ಉಗುಳುತ್ತದೆ. ನಾವು ಕೆಳಗೆ ನಿಂತು ಮಣ್ಣಿನ ವಾಸನೆ ಎಷ್ಟು ಚಂದ ಎನ್ನುತ್ತೇವೆ.

ಹಾಗಾದರೆ ಮೇಲಿಂದ ಬರುವ ನೀರಾದರೂ ಒಂದೇ ಹೌದೇ? ಅದೂ ಅಲ್ಲ. ಆಕಾಶದಲ್ಲಿ ಹನಿ ಹುಟ್ಟಬೇಕಾದರೆ ಆವಿಗೆ ಕೂರಲು ಒಂದು ಕಣ ಬೇಕು. ಧೂಳಿನದೋ, ಹೊಗೆಯದೋ, ಅರಬಿ ಸಮುದ್ರದ ಅಲೆ ಒಡೆದು ಗಾಳಿಗೆ ಹಾರಿಸಿದ ಉಪ್ಪಿನದೋ. ಅಂಥ ಕಣದ ಸುತ್ತ ಹುಟ್ಟಿದ ಮೋಡದ ಹನಿಗಳು ಸುಮಾರು ಹತ್ತು ಲಕ್ಷ ಸೇರಿದರೆ ನಮ್ಮ ನೆತ್ತಿಗೆ ತಟ್ಟುವ ಒಂದು ಮಳೆಹನಿ. ಶುದ್ಧ ಎಂದು ನಾವು ಕೈಮುಗಿಯುವ ಹನಿಯ ಹೊಟ್ಟೆಯಲ್ಲೇ ಒಂದು ಕಸ ಕುಳಿತಿದೆ, ಆ ಕಸವಿಲ್ಲದೆ ಹನಿಯೇ ಇಲ್ಲ. ಕೆಳಗಿಳಿಯುವಾಗ ಅದು ಗಾಳಿಯ ಇಂಗಾಲದ ಡೈಆಕ್ಸೈಡನ್ನು ಕರಗಿಸಿಕೊಂಡು ಸ್ವಲ್ಪ ಹುಳಿಯಾಗುತ್ತದೆ. ಪಿಎಚ್ ಲೆಕ್ಕದಲ್ಲಿ 5.6ರ ಆಸುಪಾಸು. ನಾಲಿಗೆಗೆ ತಿಳಿಯದಷ್ಟು ಹುಳಿ ಅದು. ಛಾವಣಿಗೆ ತಿಳಿಯುತ್ತದೆ. ಲೋಹವನ್ನು ಕೆರೆದು ತೆಗೆಯಲು, ಸುಣ್ಣವನ್ನು ಕರಗಿಸಲು ಅಷ್ಟು ಹುಳಿ ಸಾಕು.

ಭರ್ತೃಹರಿಯ ನೀತಿಶತಕದಲ್ಲಿ ನೀರಹನಿಯ ಒಂದು ಪದ್ಯವಿದೆ. ಕಾದ ಕಬ್ಬಿಣದ ಮೇಲೆ ಬಿದ್ದರೆ ಹನಿಯ ಹೆಸರೂ ಉಳಿಯದು, ತಾವರೆ ಎಲೆಯ ಮೇಲಾದರೆ ಮುತ್ತಿನಂತೆ ಹೊಳೆಯುತ್ತದೆ, ಸ್ವಾತಿ ಮಳೆಯಲ್ಲಿ ಸಮುದ್ರದ ಚಿಪ್ಪಿನೊಳಗೆ ಸೇರಿದರೆ ಮುತ್ತೇ ಆಗುತ್ತದೆ ಎಂಬ ಭಾವ. ಸಹವಾಸದ ಮಹಿಮೆ ಹೇಳಲು ಬರೆದ ಪದ್ಯವನ್ನು ನಾನೀಗ ಛಾವಣಿಯ ಪದ್ಯವಾಗಿ ಓದುತ್ತಿದ್ದೇನೆ. ತಮಾಷೆಯೆಂದರೆ, ಕವಿ ಎಲ್ಲಕ್ಕಿಂತ ಕೀಳು ಎಂದಿಟ್ಟ ಕಾದ ಕಬ್ಬಿಣಕ್ಕೆ ನೀರು ಹಿಡಿಯುವವರಲ್ಲಿ ಒಳ್ಳೆಯ ಹೆಸರು. ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದವರು ಡಾಂಬರು ಹಲ್ಲೆ, ಲೋಹದ ತಗಡು, ಕಾಂಕ್ರೀಟ್ ಹಂಚು, ಬಿಸಿಲನ್ನು ಹಿಂದೆ ಚಿಮ್ಮಿಸುವ ಬಿಳಿ ಛಾವಣಿ, ಮೇಲೆ ಹುಲ್ಲು ಬೆಳೆಸಿದ ಹಸಿರು ಛಾವಣಿ, ಹೀಗೆ ಐದು ಬಗೆ ಇಟ್ಟು ಮಳೆನೀರು ಹಿಡಿದು ನೋಡಿದ ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಮಲದ ಬ್ಯಾಕ್ಟೀರಿಯಾ ಕಡಿಮೆ ಕಂಡದ್ದು ಲೋಹದ ತಗಡಿನ ನೀರಿನಲ್ಲಿ. ನುಣುಪು ಮೈ ಬೇಗ ತೊಳೆದುಹೋಗುತ್ತದೆ, ಬಿಸಿಲಿಗೆ ಕಾದು ಹಂಚಿನಂತಾದ ತಗಡಿನ ಮೇಲೆ ಸೂಕ್ಷ್ಮಜೀವಿ ಬಹಳ ಹೊತ್ತು ಬಾಳದು. ಹಸಿರು ಛಾವಣಿಯ ನೀರಿನಲ್ಲಿ ಮಣ್ಣು ಗೊಬ್ಬರಗಳಿಂದ ಇಳಿದ ಸಾವಯವ ಇಂಗಾಲ ಜಾಸ್ತಿ. ಕಂದು ಬಣ್ಣದ ಕಷಾಯ. ಗಿಡಕ್ಕೆಂದು ಹಿಡಿಯಹೊರಟ ನೀರನ್ನು ಮೇಲಿನ ಗಿಡವೇ ಕಲಕಿಬಿಡುತ್ತದೆ. ಕೆಳಗಿನ ಗಿಡ ಬೇಸರಿಸುವುದಿಲ್ಲ ಬಿಡಿ, ಅದಕ್ಕೆ ಕಷಾಯವೇ ಇಷ್ಟ.

ಕಾದ ತಗಡಿಗೆ ಇನ್ನೊಂದು ಮುಖವೂ ಇದೆ. ಕಬ್ಬಿಣ ತುಕ್ಕು ಹಿಡಿಯದಿರಲೆಂದು ಬಳಿದ ಸತು ಪ್ರತಿ ಮಳೆಗೂ ಒಂದಿಷ್ಟು ಕರಗಿ ಇಳಿಯುತ್ತದೆ. ಸಮುದ್ರದ ಉಪ್ಪುಗಾಳಿ ಇರುವ ನಮ್ಮಂಥ ಊರಿನಲ್ಲಿ ಇನ್ನೂ ಬೇಗ. ಊರಿನಲ್ಲಿ ಹಂಚಿನ ಮಾಡಿನ ನೆತ್ತಿಗೆ ಜಿಂಕ್ ತಗಡಿನ ಪಟ್ಟಿ ಹೊಡೆದ ಕಡೆ, ಅದರ ಕೆಳಗಿನ ಹಂಚುಗಳಷ್ಟೇ ಪಾಚಿಯಿಲ್ಲದೆ ಕೆಂಪಗಿರುವುದನ್ನು ನೋಡಿ ಚಿಕ್ಕವನಿದ್ದಾಗ ಬೆರಗಾಗಿದ್ದೆ. ಯಾರೋ ಏಣಿ ಹಾಕಿ ಅಷ್ಟನ್ನೇ ಉಜ್ಜಿದ್ದಾರೆ ಎಂದುಕೊಂಡಿದ್ದೆ. ಉಜ್ಜಿದ್ದು ಸತುವಿನ ನೀರು. ಪಾಚಿಗೆ ವಿಷವಾದದ್ದು ಬಸಳೆಗೆ ಏನು? ಬಸಳೆಗೆ ಸತು ಬೇಕು. ನಮ್ಮ ದೇಶದ ಹೊಲಗಳಲ್ಲಿ ಸತುವಿನ ಕೊರತೆ ದೊಡ್ಡ ಸಮಸ್ಯೆ, ರೈತರು ದುಡ್ಡು ಕೊಟ್ಟು ಜಿಂಕ್ ಸಲ್ಫೇಟ್ ಎರಚುತ್ತಾರೆ. ಹಾಗೆಂದು ಮಿತಿಯಿಲ್ಲ ಎಂದಲ್ಲ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 1985ರಲ್ಲಿ ಹೊರತಂದ ನೀರಾವರಿ ಮಾರ್ಗದರ್ಶಿಯಲ್ಲಿ ಸತುವಿಗೆ ಲೀಟರಿಗೆ 2 ಮಿಲಿಗ್ರಾಂ ಗಡಿ ಹಾಕಿದೆ.

ಆ ಮಾರ್ಗದರ್ಶಿಯ ಪಟ್ಟಿಯನ್ನು ನೋಡುತ್ತ ಕುಳಿತ ರಾತ್ರಿ ನನಗೆ ನಿದ್ದೆ ಬರಲು ತಡವಾಯಿತು. ತಾಮ್ರದ ಸಾಲು ನೋಡಿ: ನೀರಾವರಿಗೆ ಲೀಟರಿಗೆ 0.2 ಮಿಲಿಗ್ರಾಂ ದಾಟಬಾರದು. ಮನುಷ್ಯ ಕುಡಿಯುವ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆ ಬಿಟ್ಟಿರುವ ಮಿತಿ 2 ಮಿಲಿಗ್ರಾಂ. ರಾತ್ರಿ ತಾಮ್ರದ ತಂಬಿಗೆಯಲ್ಲಿ ನೀರಿಟ್ಟು ಬೆಳಿಗ್ಗೆ ಕುಡಿಯುವ ನಮಗಿಂತ ಗಿಡ ತಾಮ್ರದ ವಿಷಯದಲ್ಲಿ ಹತ್ತು ಪಟ್ಟು ನಾಜೂಕು! ಸೀಸದ ಸಾಲಿಗೆ ಬಂದರೆ ಲೆಕ್ಕ ಅಡಿಮೇಲು. ನೀರಾವರಿಗೆ ಲೀಟರಿಗೆ 5 ಮಿಲಿಗ್ರಾಂವರೆಗೂ ನಡೆದೀತು ಎನ್ನುತ್ತದೆ ಪಟ್ಟಿ. ಕುಡಿಯುವ ನೀರಿನಲ್ಲಿ 0.01. ಐದು ನೂರು ಪಟ್ಟಿನ ಅಂತರ. ಹಳೆಯ ಬಣ್ಣದ, ಹಳೆಯ ಬೆಸುಗೆಯ ಸೀಸ ಬೆರೆತ ನೀರು ಕುಡಿದೂ ಗಿಡ ನಳನಳಿಸಬಲ್ಲುದು. ಎಲೆ ಬಾಡುವುದಿಲ್ಲ, ಹೂ ಉದುರುವುದಿಲ್ಲ. ಅದನ್ನು ನೋಡಿ ನೀರು ಒಳ್ಳೆಯದಿದೆ ಎಂದುಕೊಂಡು ನಾವು ತಂಬುಳಿ ಮಾಡಿ ಉಣ್ಣುತ್ತೇವೆ. ಗಿಡದ ಆರೋಗ್ಯ ನಮ್ಮ ಆರೋಗ್ಯಕ್ಕೆ ಸಾಕ್ಷಿಯಲ್ಲ ಎಂಬುದು ನನ್ನಂಥ ಟೆರೇಸ್ ರೈತನಿಗೆ ಸ್ವಲ್ಪ ಕಹಿ ಸುದ್ದಿ. ಗಿಡವನ್ನು ಅಷ್ಟು ನಂಬಿದ್ದೆ ನಾನು.

ಇದೇ ಊರಿನ ಲೋಕಲ್ ರೈಲಿನ ಕಿಟಕಿಯಿಂದ ಹಿಂದೆ ದಿನವೂ ಕಾಣುತ್ತಿದ್ದ ದೃಶ್ಯ ಆಗ ನೆನಪಾಯಿತು. ಹಳಿಗಳ ಪಕ್ಕದ ರೈಲ್ವೆ ಜಾಗದಲ್ಲಿ ಹೆಚ್ಚು ಬೆಳೆಯಿರಿ ಯೋಜನೆಯ ಹೆಸರಿನಲ್ಲಿ ಬೆಳೆಸುತ್ತಿದ್ದ ಪಾಲಕ್, ಮೂಲಂಗಿ, ಬೆಂಡೆ. ಎಷ್ಟೋ ಕಡೆ ಅವು ಕುಡಿಯುತ್ತಿದ್ದುದು ಪಕ್ಕದ ನಾಲೆಯ ಕಪ್ಪು ನೀರು. ಆದರೂ ಆ ಹಸಿರನ್ನು ನೋಡಿದರೆ ಕಣ್ಣು ತಂಪಾಗುತ್ತಿತ್ತು. ನನ್ನ ಬಸಳೆಗಿಂತ ಅದು ದಪ್ಪಗಿದೆ ಎಂದು ಅಸೂಯೆಯೂ ಆಗುತ್ತಿತ್ತು.

ಡಾಂಬರು ಶೀಟಿನ ಕತೆ ಇನ್ನೂ ವಿಚಿತ್ರ. ಮೀಟಿಂಗಿನಲ್ಲಿ ಅದಕ್ಕೇ ಹೆಚ್ಚು ಕೈ ಎದ್ದಿದ್ದವು, ಅಗ್ಗ ನೋಡಿ. ಯುರೋಪಿನಲ್ಲಿ ಚಪ್ಪಟೆ ಛಾವಣಿಯ ಮೇಲೆ ತೋಟ ಮಾಡುವಾಗ ಬೇರುಗಳು ಡಾಂಬರನ್ನು ತೂರಿ ಒಳಗಿಳಿಯದಿರಲೆಂದು ಶೀಟಿನೊಳಗೇ ಬೇರುನಿರೋಧಕ ಬೆರೆಸುತ್ತಿದ್ದರು. ಸ್ವಿಟ್ಜರ್ಲೆಂಡಿನ ಸಂಶೋಧಕರು ಛಾವಣಿಯಿಂದ ಹರಿದ ಮಳೆನೀರಿನಲ್ಲಿ ಮೆಕೊಪ್ರಾಪ್ ಎಂಬ ಕಳೆನಾಶಕವನ್ನು ಕಂಡು, ಹೊಲವೇ ಇಲ್ಲದ ಕಡೆ ಇದೆಲ್ಲಿಂದ ಬಂತೆಂದು ಹುಡುಕುತ್ತ ಹೋಗಿ ಈ ಶೀಟಿಗೆ ಬಂದು ಮುಟ್ಟಿದರು. ಅದು 1998ರಲ್ಲಿ ಪ್ರಕಟವಾಯಿತು. ಗಿಡವನ್ನು ಹೊರುವ ಛಾವಣಿಯೇ ಗಿಡ ಕೊಲ್ಲುವ ಮದ್ದನ್ನು ಹನಿಸುತ್ತಿತ್ತು. ನಮ್ಮ ಕಂತ್ರಾಟುದಾರನ ಶೀಟಿನಲ್ಲಿ ಏನೇನಿದೆ ಎಂದು ಕೇಳಿದೆ. "ಸಾಹೇಬ್, ಏಕ್‌ದಮ್ ಎ-ಒನ್ ಮಾಲು" ಎಂದ.

ಸಿಮೆಂಟ್ ಪತ್ರಾ, ಅಂದರೆ ಆಸ್ಬೆಸ್ಟಾಸ್ ಬೆರೆತ ಏರುತಗ್ಗಿನ ಬೂದು ಶೀಟ್, ಈ ಊರಿನ ಬಸ್ತಿಗಳ, ಗೋದಾಮುಗಳ, ಹಳೆಯ ವರ್ಕ್‌ಶಾಪುಗಳ ಆಕಾಶ. ಅದರ ನೀರು ಗಿಡಕ್ಕೆ ಮಾಡುವ ಕೇಡು ಕಡಿಮೆ. ಹಳೆಯದಾಗಿ ಪುಡಿಯೇಳತೊಡಗಿದ ಶೀಟಿನ ಎಳೆಗಳು ಡ್ರಮ್ಮಿನ ತಳಕ್ಕೆ ಇಳಿದು, ಬೇಸಿಗೆಯಲ್ಲಿ ಒಣಗಿ, ಗುಡಿಸುವಾಗ ಗಾಳಿಗೆ ಎದ್ದರೆ ಉಸಿರಿಗೆ ಅಪಾಯ. ಒದ್ದೆಯಿದ್ದಾಗಲೇ ತಳ ತೆಗೆಯಬೇಕು. ಅದನ್ನು ಕೊರೆಯಬಾರದು, ಉಜ್ಜಬಾರದು. ಇದನ್ನು ಆ ಆಕಾಶದ ಕೆಳಗೆ ಇರುವವರಿಗೆ ಹೇಳುವವರು ಯಾರು?

ಕಾಂಕ್ರೀಟ್ ಟೆರೇಸು ಹಾಗಲ್ಲ. ಅದು ಹುಳಿಮಳೆಗೆ ತನ್ನ ಸುಣ್ಣವನ್ನು ಕೊಟ್ಟು ಸಮಾಧಾನಪಡಿಸಿ ಕಳುಹಿಸುತ್ತದೆ. ಲೋಹ ಕರಗಿಸುವ ಹಸಿವೇ ನೀರಿಗೆ ಉಳಿಯುವುದಿಲ್ಲ. ಒಳ್ಳೆಯ ಮನೆಯ ಹಿರಿಯರಂತೆ. ಸೋರುವುದೊಂದೇ ಅದರ ದೋಷ, ಕಾಕೂ ಅವರನ್ನು ಕೇಳಿ.

ಹಂಚಿನ ಬಗ್ಗೆ ನನಗೆ ಪಕ್ಷಪಾತವಿದೆ, ಮೊದಲೇ ಹೇಳಿಬಿಡುತ್ತೇನೆ. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ನೇತ್ರಾವತಿಯ ಜೇಡಿಮಣ್ಣಿನಿಂದ ಹಂಚು ಒತ್ತಲು ತೊಡಗಿದರು. ಹಡಗು ಹತ್ತಿ ಮುಂಬಯಿಗೆ ಬಂದ ಆ ಹಂಚು ಚಾಳುಗಳ, ಬಂಗಲೆಗಳ ನೆತ್ತಿಯಾಯಿತು. ಗಿರ್ಗಾಂವದ ಖೋತಾಚಿವಾಡಿಯ ಹಳೆಯ ಮನೆಗಳನ್ನು ನೋಡುತ್ತ ನಿಂತರೆ, ಹೋಟೆಲ್ ಕೆಲಸಕ್ಕೆಂದು ಹಡಗಿನಲ್ಲಿ ಬಂದಿಳಿದ ನಮ್ಮವರಿಗಿಂತ ಮೊದಲೇ ನಮ್ಮ ಹೊಳೆಯ ಮಣ್ಣು ಈ ಊರಿಗೆ ಬಂದು ತಲೆಯ ಮೇಲೆ ಕೂತಿತ್ತಲ್ಲ ಎನಿಸಿ ಒಂಥರಾ ಹೆಮ್ಮೆ. ಸುಟ್ಟ ಮಣ್ಣು ನೀರಿಗೆ ಬೆರೆಸುವಂಥದ್ದು ಹೆಚ್ಚೇನಿಲ್ಲ. ಆದರೆ ಅದಕ್ಕೆ ಬಾಯಾರಿಕೆ. ಏಪ್ರಿಲ್ ಮೇ ತಿಂಗಳಲ್ಲಿ ಕಾದ ಹಂಚು ಮೊದಲ ಮಳೆಯನ್ನು ತಾನೇ ಕುಡಿಯುತ್ತದೆ, ಆಮೇಲೆ ನಮಗೆ. ಆ ಒರಟು ಮೈಯಲ್ಲಿ ಪಾಚಿ ಕೂರುತ್ತದೆ, ಧೂಳು ಕೂರುತ್ತದೆ; ತಗಡು ಒಂದು ಮಳೆಗೆ ತೊಳೆದುಕೊಂಡರೆ ಹಂಚಿಗೆ ಎರಡು ಮೂರು ಬೇಕು. ಅಮ್ಮ ಮೂರನೆಯ ಮಳೆಗೆ ಕಾಯುತ್ತಿದ್ದುದು ಏಕೆಂದು ತಿಳಿದದ್ದು ಇಲ್ಲಿ, ಬೊರಿವಲಿಯಲ್ಲಿ, ತಗಡಿನ ಬೆಲೆ ವಿಚಾರಿಸುವಾಗ.

ಆ ಮೀಟಿಂಗಿನ ಮರುವಾರ ಮನಸ್ಸು ತಡೆಯದೆ ಕಾನ್ಹೇರಿ ಗುಹೆಗಳಿಗೆ ಹೋದೆ. ನಮ್ಮ ಮನೆಯಿಂದ ರಾಷ್ಟ್ರೀಯ ಉದ್ಯಾನದ ಗೇಟು ರಿಕ್ಷಾದ ಕನಿಷ್ಠ ಬಾಡಿಗೆಯ ದೂರ. ಅಲ್ಲಿಂದ ಒಳಗೆ ಬೆಟ್ಟದವರೆಗೆ ಬಸ್ಸಿದೆ. ಕಪ್ಪು ಬಸಾಲ್ಟ್ ಬಂಡೆಯಲ್ಲಿ ಕೊರೆದ ನೂರಕ್ಕೂ ಮಿಕ್ಕಿದ ಗುಹೆಗಳು, ಕ್ರಿಸ್ತಪೂರ್ವದ ಕೊನೆಯ ಕಾಲದಿಂದ ಸುಮಾರು ಸಾವಿರ ವರ್ಷ ಭಿಕ್ಷುಗಳು ಬಾಳಿದ ಜಾಗ. ಬುದ್ಧನ ದೊಡ್ಡ ಮೂರ್ತಿಗಳನ್ನು ನೋಡಿ ಎಲ್ಲರೂ ಫೋಟೋ ತೆಗೆಸಿಕೊಂಡು ಇಳಿಯುತ್ತಾರೆ. ನಾನು ನೋಡಹೋದದ್ದು ಗುಹೆಗಳ ನೆತ್ತಿಯನ್ನು. ಬಂಡೆಯ ಬೆನ್ನಿನ ಮೇಲೆ ಬೆರಳಗಲ, ಅಂಗೈಯಗಲದ ಕಾಲುವೆಗಳನ್ನು ಕೆತ್ತಿದ್ದಾರೆ. ಮೇಲೆ ಬಿದ್ದ ಮಳೆ ಅವುಗಳಲ್ಲಿ ಓಡಿ, ಗುಹೆಯ ಬಾಗಿಲ ಪಕ್ಕದ ತೊಟ್ಟಿಗೆ ಇಳಿಯಬೇಕು. ಹೆಚ್ಚಿನ ಗುಹೆಗಳ ಮಗ್ಗುಲಲ್ಲಿ ಇಂಥ ಒಂದೊಂದು ತೊಟ್ಟಿ. ಶಾಸನಗಳಲ್ಲಿ ಇದಕ್ಕೆ ಪೋಢಿ ಎಂಬ ಹೆಸರು. ಕಲ್ಯಾಣದ, ಸೋಪಾರದ ವ್ಯಾಪಾರಿಗಳು ಗುಹೆಯೊಂದಿಗೆ ನೀರಿನ ಪೋಢಿಯನ್ನೂ ದಾನ ಮಾಡಿದ್ದನ್ನು ಕಲ್ಲಿನ ಮೇಲೆ ಬರೆಸಿದ್ದಾರೆ. ಅಲ್ಲಿಯ 9ನೇ ಶತಮಾನದ ಶಾಸನಗಳಲ್ಲಿ ಅಮೋಘವರ್ಷನ ಹೆಸರೂ ಇದೆ. ಹೌದು, ನಮ್ಮ ನೃಪತುಂಗನೇ, ಕವಿರಾಜಮಾರ್ಗದವನೇ. ಕೊಂಕಣವನ್ನು ಆಳುತ್ತಿದ್ದ ಶಿಲಾಹಾರರು ಅವನ ಸಾಮಂತರು.

ಛಾವಣಿ ಆರಿಸುವ ಗೋಜೇ ಇಲ್ಲದವರು ಆ ಭಿಕ್ಷುಗಳು, ಬೆಟ್ಟವೇ ಛಾವಣಿ. ಎಂದೋ ಉಕ್ಕಿ ಹರಿದ ಲಾವಾ ಆರಿ ಆದ ಕಲ್ಲು, ಮಳೆ ಎಷ್ಟು ಬಾಚಿದರೂ ಬಿಟ್ಟುಕೊಡುವುದು ಅಷ್ಟಕ್ಕಷ್ಟೆ. ಬೇಸಿಗೆಯಲ್ಲೂ ಕೆಲವು ತೊಟ್ಟಿಗಳಲ್ಲಿ ನೀರಿತ್ತು. ಬಗ್ಗಿ ನೋಡಿದರೆ ಒಣ ಎಲೆ, ಹಸಿರು ಪಾಚಿ, ಅದರ ಕೆಳಗೆ ಕಪ್ಪು ತಣ್ಣನೆ. ಅವರೂ ಮೊದಲ ಮಳೆಗೆ ಬಂಡೆಯ ಬೆನ್ನನ್ನು ಗುಡಿಸುತ್ತಿದ್ದರೇ? ಯಾರೋ ಒಬ್ಬ ಹಿರಿಯ ಭಿಕ್ಷು, ಕಾಲುವೆಗೆ ಮಣ್ಣಿನ ಕಟ್ಟೆ ಒಡ್ಡಿದ ಹುಡುಗನನ್ನು ಗದರಿ, ಈಗಲೇ ಬೇಡ, ಬೆಟ್ಟ ತೊಳೆದು ಹೋಗಲಿ ಎಂದಿರಬಹುದೇ? ಹೀಗೆ ಏನೇನೋ ಎಣಿಸುತ್ತ ಕೋತಿಗಳ ನಡುವೆ ಒಂದು ಗಂಟೆ ಕುಳಿತಿದ್ದೆ. ಎಷ್ಟು ತುಂಬುತ್ತದೆ ಎಂಬುದು ಆಕಾಶದ ಕೈಯಲ್ಲಿ. ಎಂಥದು ತುಂಬುತ್ತದೆ ಎಂಬುದು ಮಾತ್ರ ನಮ್ಮ ತಲೆಯ ಮೇಲೆ ನಾವೇ ಏನು ಹೊದ್ದಿದ್ದೇವೆ ಎಂಬುದರ ಕೈಯಲ್ಲಿ. ಸೆಕ್ರೆಟರಿಯವರಿಗೆ ಕೊಡಬೇಕಾದ ಉತ್ತರ ಇದು. ಮೀಟಿಂಗಿನಲ್ಲಿ ಹೊಳೆಯಲಿಲ್ಲ.

ಆಕಾಶದ ಕೈಯಾದರೂ ಎಂಥದು! 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದು ದಿನಕ್ಕೆ 944 ಮಿಲಿಮೀಟರ್ ಸುರಿಯಿತು. ಅದೇ ದಿನ ಅದೇ ಊರಿನ ಇನ್ನೊಂದು ತುದಿ ಕೊಲಾಬಾದಲ್ಲಿ 74. ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ಬಿದ್ದರೆ ಒಂದು ಲೀಟರ್. ಅಂದಿನ ಸಾಂತಾಕ್ರೂಜಿನ ಮಳೆ ನಮ್ಮ ಟೆರೇಸಿಗೆ ಬರಲಿದ್ದ ಅರವತ್ತು ಚದರ ಮೀಟರ್ ಪತ್ರಾದ ಮೇಲೆ ಬಿದ್ದಿದ್ದರೆ ಐವತ್ತಾರು ಸಾವಿರ ಲೀಟರಿಗೂ ಹೆಚ್ಚು; ಇನ್ನೂರು ಲೀಟರಿನ ನನ್ನ ಡ್ರಮ್ಮುಗಳು ಇನ್ನೂರ ಎಂಬತ್ತಮೂರು. ನನ್ನಲ್ಲಿರುವುದು ಎರಡು. ನೀರು ಬೇಕಾದದ್ದು ಅಕ್ಟೋಬರಿನ ಮೇಲೆ, ಬರುವುದು ಗಿಡಗಳೇ ಸಾಕೋ ಸಾಕು ಎನ್ನುವ ಕಾಲಕ್ಕೆ. ಅದಕ್ಕೇ ಇಲ್ಲಿಯ ದೊಡ್ಡ ಸೊಸೈಟಿಗಳು ಛಾವಣಿಯ ನೀರನ್ನು ಬಾವಿಗೆ, ಬೋರಿಗೆ ಇಳಿಸಿ, ಬೇಸಿಗೆಯಲ್ಲಿ ಅದನ್ನೇ ಎತ್ತಿ ತೋಟಕ್ಕೂ ಫ್ಲಶ್ಶಿಗೂ ಬಿಡುತ್ತವೆ. ಸಾವಿರ ಚದರ ಮೀಟರ್ ಮೀರಿದ ನಿವೇಶನದ ಹೊಸ ಕಟ್ಟಡಗಳಿಗೆ ಮಳೆಕೊಯ್ಲು ಕಡ್ಡಾಯವಾದದ್ದು 2002ರಲ್ಲಿ. ಛಾವಣಿಯ ಖಾತೆ ಹಾಗೆ ನೆಲದೊಳಗೂ ಜಮೆಯಾಗುತ್ತದೆ. ದೂರದ ಭಾತ್ಸಾ ಜಲಾಶಯದಿಂದ ಬಂದ ಕುಡಿಯುವ ನೀರನ್ನು ಕ್ರೋಟನ್ ಗಿಡಕ್ಕೆ ಹಾಕುವುದಕ್ಕಿಂತ ಇದು ಸಾವಿರ ಪಾಲು ಮೇಲು.

ಮೇ ತಿಂಗಳಲ್ಲಿ ಪತ್ರಾ ಬಂತು. ನನ್ನ ಉಪದೇಶಕ್ಕೆ ಸೋತು ಅಲ್ಲ, ಡಾಂಬರಿನವನು ರೇಟು ಏರಿಸಿದ್ದಕ್ಕೆ. ಲೇಪ ಹಚ್ಚಿದ ನೀಲಿ ತಗಡು. ಲೇಪವಿರುವವರೆಗೆ ಸತು ಅಷ್ಟಾಗಿ ಇಳಿಯದು. ಟೆರೇಸಿನ ಒಂದು ಮೂಲೆಯನ್ನು ಬಿಸಿಲಿಗೆಂದು ನನಗೆ ಬಿಟ್ಟುಕೊಟ್ಟರು. ಹೊದಿಸುವವನು ಕೊರೆದು ಬಿಟ್ಟುಹೋದ ಕಬ್ಬಿಣದ ಹುಡಿಯನ್ನು ನಾನೇ ಹತ್ತಿ ಗುಡಿಸಿದೆ. ಹಸಿಯಾಗಿ ತಿನ್ನುವ ಒಂದೆಲಗಕ್ಕೆ ಡ್ರಮ್ಮಿನ ನೀರನ್ನು ಬುಡಕ್ಕಷ್ಟೇ, ಎಲೆಗೆ ಚಿಮುಕಿಸಬಾರದು ಎಂದು ಮೊಮ್ಮಗಳಿಗೆ ಹೇಳಿಟ್ಟಿದ್ದೇನೆ. ಪಾರಿವಾಳಗಳಿಗೆ ನೀಲಿ ಬಣ್ಣವೂ ಹಿಡಿಸಿದೆ.

ಜೂನಿನ ಮೊದಲ ಮಳೆ ರಾತ್ರಿ ಬಂತು. ಮೊಮ್ಮಗಳು ಡ್ರಮ್ಮಿನ ಮುಚ್ಚಳ ತೆಗೆಯಲು ಓಡಿದಳು, ನಾನು ಅಮ್ಮನ ಮಾತನ್ನೇ ಹೇಳಿದೆ. ಅವಳಿಗೂ ಸಿಟ್ಟು ಬಂತು. ಎರಡನೆಯದನ್ನೂ ಹೋಗಗೊಟ್ಟೆವು. ಮೂರನೆಯದು ಒಂದು ಮಧ್ಯಾಹ್ನ ಬಂದಾಗ ಪೈಪಿನ ನೀರನ್ನು ಅವಳೇ ಅಂಗೈಯಲ್ಲಿ ಹಿಡಿದು ನೋಡಿ, ಮುಚ್ಚಳ ತೆಗೆದಳು. ಎರಡು ಡ್ರಮ್ಮು ತುಂಬಲು ಇಪ್ಪತ್ತು ನಿಮಿಷ ಹಿಡಿಯಿತು.